ಶೇಡಿಯ ಮೇಲೆ ಮನೆ ಕಟ್ಟಿದವರ ಮಕ್ಕಳಿಗೆ ಶೇಡಿಯ ಪಾಠ ಯಾಕಿಲ್ಲ?

ದಕ್ಷಿಣ ಕನ್ನಡದ ವಿಟ್ಲದಿಂದ ಯಾವ ಕಡೆಗೆ ಹೊರಟರೂ, ಸಾಲೆತ್ತೂರಿಗೆ ಹೋಗಿ, ಅಡ್ಯನಡ್ಕಕ್ಕೆ ಹೋಗಿ, ಕಲ್ಲಡ್ಕದ ಹೆದ್ದಾರಿಗೆ ಹೋಗಿ, ಜೆಸಿಬಿ ಕೊರೆದ ಗುಡ್ಡವೊಂದು ದಾರಿ ಬದಿಯಲ್ಲಿ ಸಿಕ್ಕೇ ಸಿಗುತ್ತದೆ. ಒಂದು ಸಲ ಬೈಕು ನಿಲ್ಲಿಸಿ ಅದನ್ನು ಮೇಲಿನಿಂದ ಕೆಳಗೆ ನೋಡಿ. ಮೇಲೆ ಒಂದೆರಡು ಆಳೆತ್ತರ ಕೆಂಪು ಮುರಕಲ್ಲು, ತೂತು ತೂತಾಗಿ, ಗಟ್ಟಿಯಾಗಿ. ಅದರ ಕೆಳಗೆ ಕೆಂಪಿಗೆ ಹಳದಿ ಬೆರೆತ ಮೆತ್ತನೆ ಪದರ. ಇನ್ನೂ ಕೆಳಗೆ ಬಿಳಿ, ಗುಲಾಬಿ, ಕೆಲವು ಕಡೆ ನೇರಳೆ ಬಣ್ಣಕ್ಕೆ ತಿರುಗಿದ, ಬೆರಳಿಗೆ ಪುಡಿಯಾಗಿ ಹತ್ತುವ ಶೇಡಿ. ಯಂತ್ರ ಸಾಕಷ್ಟು ಆಳಕ್ಕೆ ಇಳಿದಿದ್ದರೆ ತಳದಲ್ಲಿ ಪಟ್ಟೆ ಪಟ್ಟೆಯ ಕರಿಬಂಡೆ. ಲಕ್ಷಾಂತರ ವರ್ಷಗಳ ಮಳೆ ಆ ಬಂಡೆಯನ್ನು ಮೇಲಿನಿಂದ ಕೊಳೆಸುತ್ತ ಬಂದು ಶೇಡಿ ಮಾಡಿದೆ. ಅದರಲ್ಲಿದ್ದ ಕಬ್ಬಿಣ, ಅಲ್ಯೂಮಿನಿಯಂ ಮೇಲುಗಡೆ ಉಳಿದು ಗಟ್ಟಿಯಾಗಿ ಮುರಕಲ್ಲಾಗಿದೆ. ನಮ್ಮ ಮನೆಯ ಗೋಡೆ ಆ ಮುರಕಲ್ಲಿನದು, ನಮ್ಮ ಮನೆಯ ಹಿಂದೆ ಗುಡ್ಡ ಕಡಿದು ನಿಂತ ಬರೆ ಈ ಶೇಡಿಯದು.

ಶೇಡಿಯ ಗುಣ ತಿಳಿಯಲು ಪ್ರಯೋಗಾಲಯ ಬೇಡ. ಏಪ್ರಿಲ್ ತಿಂಗಳಲ್ಲಿ ಒಂದು ಉಂಡೆ ಕಿತ್ತು ತನ್ನಿ, ಸೀಮೆಸುಣ್ಣದ ಹಾಗೆ ಗಟ್ಟಿ ಇರುತ್ತದೆ. ಒಂದು ಗ್ಲಾಸು ನೀರಿಗೆ ಹಾಕಿ ನೋಡುತ್ತಿರಿ. ಅಂಚಿನಿಂದ ಗುಳ್ಳೆ ಏಳುತ್ತದೆ, ಚೂರು ಉದುರುತ್ತದೆ, ಉಂಡೆ ಇದ್ದ ಜಾಗದಲ್ಲಿ ಸ್ವಲ್ಪ ಹೊತ್ತಿಗೆ ಬರೀ ಕೆಸರು. ಬೇಸಿಗೆಯಲ್ಲಿ ನೆಟ್ಟಗೆ ಕಡಿದರೂ ಗೋಡೆಯಂತೆ ನಿಲ್ಲುವ ಬರೆ ಜುಲೈಯಲ್ಲಿ ಯಾಕೆ ಮನೆಯ ಮೇಲೆ ಬರುತ್ತದೆ ಎಂಬುದಕ್ಕೆ ಆ ಗ್ಲಾಸಿನಲ್ಲಿ ಉತ್ತರವಿದೆ. ಸುರತ್ಕಲ್ಲಿನ ಎನ್‌ಐಟಿಕೆಯ ಎಂಜಿನಿಯರುಗಳು ಶೇಡಿ ಎಂಬ ನಮ್ಮೂರ ಹೆಸರನ್ನೇ ಇಟ್ಟುಕೊಂಡು ಸಂಶೋಧನಾ ಪ್ರಬಂಧಗಳನ್ನು ಬರೆದಿದ್ದಾರೆ. ಆ ಪ್ರಬಂಧಗಳು ಇಂಗ್ಲಿಷಿನಲ್ಲಿವೆ, ಮನೆಗಳು ಗುಡ್ಡದ ಕೆಳಗಿವೆ.

2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ, ಮಲವಂತಿಗೆಯ ಕಡೆ ಘಟ್ಟ ಬಿರಿದು ತೋಟಗಳ ಮೇಲೆ ಬಂಡೆ, ಮರ, ಮರಳು ಹೊತ್ತು ತಂದದ್ದು ಇನ್ನೂ ಎಲ್ಲರ ನೆನಪಿನಲ್ಲಿದೆ. 2022ರ ಜುಲೈಯಲ್ಲಿ ಬಂಟ್ವಾಳದ ಪಂಜಿಕಲ್ಲಿನಲ್ಲಿ ಗುಡ್ಡ ಜರಿದು ರಬ್ಬರು ಟ್ಯಾಪಿಂಗಿಗೆ ಕೇರಳದಿಂದ ಬಂದಿದ್ದ ಮೂವರು ಕೂಲಿಕಾರರು ಮಣ್ಣಿನಡಿ ಸತ್ತರು. ಮರುವರ್ಷದ ಜುಲೈಯಲ್ಲಿ ನಂದಾವರದಲ್ಲಿ ಇನ್ನೊಂದು ಮನೆ. 2025ರ ಮೇ ತಿಂಗಳ ಕೊನೆಗೆ, ಮಳೆಗಾಲ ಸರಿಯಾಗಿ ಶುರುವಾಗುವ ಮೊದಲೇ, ಮಂಜನಾಡಿಯಲ್ಲಿ ಅಜ್ಜಿಯೊಬ್ಬರು ಮತ್ತು ಎರಡು ಪುಟ್ಟ ಮಕ್ಕಳು. ಮಂಜನಾಡಿಯಿಂದ ಕೊಣಾಜೆ ಎಷ್ಟು ದೂರ? ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯವಿದೆ. ಆ ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ ವಿಭಾಗವಿದೆ.

ಇದೇ ಜಿಲ್ಲೆ 2024ರ ದ್ವಿತೀಯ ಪಿಯುಸಿಯಲ್ಲಿ ಶೇಕಡಾ 97.37 ಫಲಿತಾಂಶ ತೆಗೆದು ರಾಜ್ಯಕ್ಕೆ ಮೊದಲಾಯಿತು. ಫ್ಲೆಕ್ಸು ಬಿದ್ದವು, ಮೂಡುಬಿದಿರೆಯಿಂದ ಉಜಿರೆಯವರೆಗೆ ರಸ್ತೆಯ ಎರಡೂ ಬದಿ ಮಕ್ಕಳ ಮುಖ. ಹೆಮ್ಮೆಪಡಬೇಕಾದ್ದೇ, ಇಲ್ಲವೆನ್ನುವುದಿಲ್ಲ. ಆದರೆ ಆ ಮಕ್ಕಳಲ್ಲಿ ಎಷ್ಟು ಮಂದಿಗೆ ತಮ್ಮ ಹಿತ್ತಿಲ ಬರೆಯ ಪದರ ಗುರುತಿಸಲು ಬರುತ್ತದೆ? ಹತ್ತನೆಯ ತರಗತಿಯ ಸಮಾಜ ವಿಜ್ಞಾನದ ಪುಸ್ತಕ ಮುಚ್ಚಿದ ದಿನ ವಿಜ್ಞಾನದ ಮಕ್ಕಳ ಪಾಲಿಗೆ ನೆಲದ ಪಾಠವೂ ಮುಚ್ಚಿತು. ಮುಂದೆ ಪಿಸಿಎಂಬಿ, ಇಲ್ಲವೇ ಪಿಸಿಎಂಸಿ, ಆಮೇಲೆ ನೀಟ್, ಸಿಇಟಿ. ಕಲಾ ವಿಭಾಗಕ್ಕೆ ಹೋದವರಿಗೆ ಭೂಗೋಳ ಸಿಕ್ಕರೆ ಪುಣ್ಯ, ವಾಣಿಜ್ಯದವರಿಗೆ ಅದೂ ಅಪರೂಪ. ಪದವಿಪೂರ್ವ ಇಲಾಖೆಯ ಐಚ್ಛಿಕ ವಿಷಯಗಳಲ್ಲಿ ಭೂಗರ್ಭಶಾಸ್ತ್ರವೂ ಒಂದು ಎಂಬುದನ್ನು ನಮ್ಮ ತಾಲೂಕುಗಳ ಎಷ್ಟು ತಂದೆ ತಾಯಿ ಕೇಳಿದ್ದಾರೆ? ಪದವಿಗೆ ಭೂವಿಜ್ಞಾನ ಓದಬೇಕೆಂದು ಹಟ ಹಿಡಿದ ಹುಡುಗನಿಗೆ ಹಿರಿಯರು ತೋರಿಸುವುದು ಮೈಸೂರಿನ ಯುವರಾಜ ಕಾಲೇಜನ್ನು, ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜನ್ನು. ಅವನು ಹೇಗೋ ಹೋದಾನು. ಬೀಡಿ ಕಟ್ಟಿ ಫೀಸು ತುಂಬುವ ತಾಯಿಯ ಮಗಳು ಹೋಗುತ್ತಾಳೆಯೇ?

ನನ್ನ ಮಾತು ಆ ಮಗಳ ಬಗ್ಗೆಯೇ. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಯಾವ ತರಗತಿಗೆ ಕಾಲಿಟ್ಟರೂ ಹುಡುಗಿಯರೇ ಹೆಚ್ಚು. ಬೆಳಿಗ್ಗೆ ಏಳರ ಬಸ್ಸು ಹಿಡಿದು ಬರುತ್ತಾರೆ, ಸಂಜೆ ಮನೆಗೆ ಹೋಗಿ ತಾಯಿಯ ಜೊತೆ ಬೀಡಿಯ ತಡ್ಪೆ ಹಿಡಿಯುತ್ತಾರೆ. ಮನೆಯಲ್ಲಿ ತುಳು, ಬ್ಯಾರಿ, ಮರಾಠಿ, ಮಲಯಾಳ, ಹವಿಗನ್ನಡ, ಶಾಲೆಯಲ್ಲಿ ಕನ್ನಡ, ಪದವಿಯ ವಿಜ್ಞಾನಕ್ಕೆ ಬಂದ ಕೂಡಲೇ ಇಂಗ್ಲಿಷ್. ಹುಡುಗರಲ್ಲಿ ಹಲವರು ರಜೆಯಲ್ಲಿ ಕೆಂಪುಕಲ್ಲಿನ ಕೋರೆಯಲ್ಲಿ ಲೋಡಿಂಗಿಗೆ ಹೋಗುವವರು. ಚಾರ್ಮಾಡಿ, ಶಿರ್ಲಾಲಿನ ಕಡೆಯ ಮಲೆಕುಡಿಯರ ಮಕ್ಕಳು, ಕೊರಗರ ಮಕ್ಕಳು ಪದವಿಯ ಹೊಸ್ತಿಲಿಗೆ ಬರುವುದೇ ಬೆರಳೆಣಿಕೆಯಲ್ಲಿ. ನೆಲವನ್ನು ಕಡಿಯುವುದು, ಕಲ್ಲು ಹೊರುವುದು, ಘಟ್ಟದ ಬುಡದಲ್ಲಿ ಮಲಗುವುದು ಇವರು. ನೆಲದ ವಿಜ್ಞಾನ ಮಾತ್ರ ಇವರಿಗೆ ಬೇಡವೆಂದು ತೀರ್ಮಾನಿಸಿದವರು ಯಾರು?

ಇಂಥದೇ ಮಕ್ಕಳನ್ನು ನೆಲದ ವಿಜ್ಞಾನಕ್ಕೆ ಕರೆತರಲು ಹೊರಟವರು ಬೇರೆ ಕಡೆ ಇದ್ದಾರೆ. ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಎಂಬ ಎರಡು ವರ್ಷದ, ಕಡಿಮೆ ಫೀಸಿನ ಕಾಲೇಜುಗಳಿವೆ. ಹಗಲು ಅಂಗಡಿಯಲ್ಲಿ ದುಡಿದು ಸಂಜೆ ಕಲಿಯಲು ಬರುವವರು, ಮನೆತನದಲ್ಲೇ ಮೊದಲಿಗೆ ಕಾಲೇಜು ಕಂಡವರು ಅಲ್ಲಿ ತುಂಬಿದ್ದಾರೆ. ಆ ದೇಶದಲ್ಲೂ ಭೂವಿಜ್ಞಾನ ಬಹುಕಾಲ ಬಿಳಿಯ ಗಂಡಸರ ಹೊಲವಾಗಿಯೇ ಉಳಿಯಿತು. ಈ ಕ್ಷೇತ್ರದಲ್ಲಿ ಡಾಕ್ಟರೇಟು ಪಡೆಯುವ ಅಲ್ಪಸಂಖ್ಯಾತ ಜನಾಂಗಗಳವರ ಪ್ರಮಾಣ ನಲವತ್ತು ವರ್ಷಗಳಲ್ಲಿ ಸುಧಾರಿಸಲೇ ಇಲ್ಲ ಎಂದು 2018ರಲ್ಲಿ ಇಬ್ಬರು ಭೂವಿಜ್ಞಾನಿ ಮಹಿಳೆಯರು 'ನೇಚರ್ ಜಿಯೋಸೈನ್ಸ್' ಪತ್ರಿಕೆಯಲ್ಲಿ ಲೆಕ್ಕ ಸಮೇತ ಬರೆದಾಗ ಆ ಕ್ಷೇತ್ರ ತಲೆ ತಗ್ಗಿಸಬೇಕಾಯಿತು. ಆದರೆ ಕಮ್ಯುನಿಟಿ ಕಾಲೇಜುಗಳ ಕೆಲವು ಮೇಷ್ಟರುಗಳು ಅದಕ್ಕೂ ಮೊದಲೇ ಕೆಲಸ ಶುರುಮಾಡಿದ್ದರು. ತಮ್ಮ ತರಗತಿಯಲ್ಲಿ ಯಾರು ಪಾಸಾಗುತ್ತಾರೆ, ಯಾರು ನಡುವೆ ಬಿಟ್ಟು ಹೋಗುತ್ತಾರೆ ಎಂದು ತಾವೇ ತಮ್ಮ ಹಾಜರಿ ಪುಸ್ತಕ ತೆಗೆದು ನೋಡಿದರು. ದೂರದ ಪರ್ವತಕ್ಕೆ ವಾರಗಟ್ಟಲೆ ಪ್ರವಾಸ ಹೋಗಲಾಗದವರು ಸೋಲುತ್ತಾರೆಂದಾದರೆ ಕಾಲೇಜಿನ ಪಕ್ಕದ ಹೊಳೆದಂಡೆಗೆ ಪಾಠದ ಅವಧಿಯಲ್ಲೇ ಕರೆದೊಯ್ಯಬೇಕು. ಗಾಲಿಕುರ್ಚಿಯ ಹುಡುಗಿಗೂ ಬಂಡೆ ಮುಟ್ಟಲು ಸಿಗುವ ಜಾಗವನ್ನೇ ಆರಿಸಬೇಕು. ಸೋತದ್ದು ಮಗುವೋ ಪಾಠವೋ ಎಂದು ತಮ್ಮನ್ನೇ ಕೇಳಿಕೊಂಡ ಮೇಷ್ಟರಿಗೆ ಇಂಥ ದಾರಿಗಳು ತಾವಾಗಿ ಹೊಳೆದವು. ಈ ಪ್ರಶ್ನೆ ನಮ್ಮ ಸ್ಟಾಫ್ ರೂಮುಗಳಲ್ಲಿ ಕೇಳಿಬರುವುದು ಅಪರೂಪ. ಅಲ್ಲಿ ಕೇಳಿಬರುವುದು "ಬ್ಯಾಚೇ ಡಲ್ಲು" ಎಂಬ ಮಾತು.

ನಮಗೆ ದೂರದ ಪರ್ವತ ಬೇಡವೇ ಬೇಡ. ಇಷ್ಟು ಸಿರಿವಂತ ಪಾಠದ ಅಂಗಳ ಎಷ್ಟು ಕಾಲೇಜುಗಳಿಗಿದೆ, ಹೇಳಿ. ಬೆಳ್ತಂಗಡಿಯಲ್ಲಿ ಗಡಾಯಿಕಲ್ಲು ನಿಂತಿದೆ. ಟಿಪ್ಪು 1794ರಲ್ಲಿ ಅದರ ನೆತ್ತಿಯ ಮೇಲೆ ಕೋಟೆ ಕಟ್ಟಿಸಿದ್ದು ಎಲ್ಲರಿಗೂ ಗೊತ್ತು. ಸುತ್ತಲಿನ ಕಲ್ಲೆಲ್ಲ ಸವೆದು ಹೋದರೂ ಅದೊಂದು ಯಾಕೆ ಸವೆಯದೆ ಉಳಿಯಿತು ಎಂಬುದು ಯಾರಿಗೂ ಕೇಳಬೇಕೆನಿಸುವುದಿಲ್ಲ. ವೇಣೂರಿನಲ್ಲಿ 1604ರ ಗೊಮ್ಮಟ, ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ. ಸುತ್ತ ಎಲ್ಲೆಲ್ಲೂ ಮುರಕಲ್ಲೇ ಇರುವಾಗ ಕೆತ್ತನೆಗೆ ಆ ಗಟ್ಟಿಶಿಲೆಯನ್ನು ಆರಿಸಿದ ಶಿಲ್ಪಿಗೆ ಕಲ್ಲಿನ ಕಣದ ಜ್ಞಾನ ಎಷ್ಟಿರಬೇಕು! ಬಂಟ್ವಾಳದ ಪೇಟೆಗೆ 1923ರ ನೆರೆಯ, 1974ರ ನೆರೆಯ ನೆನಪು ಇನ್ನೂ ಇದೆ, ಹಿರಿಯರು ನೀರು ಎಲ್ಲಿಯವರೆಗೆ ಬಂದಿತ್ತೆಂದು ಬೆರಳು ಮಾಡಿ ತೋರಿಸುತ್ತಾರೆ. ನೇತ್ರಾವತಿ ಯಾಕೆ ಅಲ್ಲೇ ಏರುತ್ತಾಳೆ ಎಂಬುದನ್ನು ಆ ಹಿರಿಯರ ಜೊತೆ ಕುಳಿತು ನಕ್ಷೆ ಬರೆದರೆ ಒಂದು ಸೆಮಿಸ್ಟರಿನ ಪ್ರಾಜೆಕ್ಟು ಮುಗಿಯಿತು.

ಇನ್ನೂ ಒಂದು ಸಂಗತಿಯಿದೆ, ಇದು ನನಗೆ ಬಲು ಇಷ್ಟದ್ದು. ಮಂಗಳೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೆ. ಆರ್. ಸುಬ್ರಹ್ಮಣ್ಯ ಅವರು 1990ರ ದಶಕದಲ್ಲಿ ಒಂದು ವಾದ ಮುಂದಿಟ್ಟರು. ಮೂಲ್ಕಿಯಿಂದ ಆಚೆ ಪೂರ್ವ ಕರಾವಳಿಯ ಪುಲಿಕಾಟ್ ಸರೋವರದವರೆಗೆ, ಸುಮಾರು 13 ಡಿಗ್ರಿ ಅಕ್ಷಾಂಶದ ಗುಂಟ ದಕ್ಷಿಣ ಭಾರತದ ನೆಲ ನಿಧಾನಕ್ಕೆ ಉಬ್ಬುತ್ತಿದೆ, ಎರಡು ಬದಿಯ ಹೊಳೆಗಳ ಹರಿವಿನ ದಿಕ್ಕು ಅದಕ್ಕೆ ಸಾಕ್ಷಿ ಎಂದು. ಆ ಗೆರೆ ಮೂಡುಬಿದಿರೆಯ ಪಕ್ಕದಲ್ಲೇ ಹಾದು ಹೋಗುತ್ತದೆ. ಜಗತ್ತಿನ ಭೂವಿಜ್ಞಾನಿಗಳು ಚರ್ಚಿಸುವ ಗೆರೆಯ ಮೇಲೆ ಕುಳಿತು ನಮ್ಮ ಮಕ್ಕಳು ನೀಟ್ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದಾರೆ, ಅವರಿಗೆ ಇದನ್ನು ಒಬ್ಬರೂ ಹೇಳಿಲ್ಲ.

ಇನ್ನು ವಿಟ್ಲದ್ದೇ ಸಂಪತ್ತು: ಸುರಂಗ. ಮಾಣಿಲದಲ್ಲಿ, ಕೇಪುವಿನಲ್ಲಿ, ಕೇರಳದ ಗಡಿ ದಾಟಿದರೆ ಪೆರ್ಲ, ಪಡ್ರೆ, ಬಾಯಾರಿನಲ್ಲಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಜಾಗ ಕೊರೆದು ನೀರನ್ನು ಹೊರಗೆ ಕರೆತಂದ ಬಿಲಗಳು. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ತೋಟದ ಕೆರೆಗೆ ಬೀಳುತ್ತದೆ. ಎಲ್ಲಿ ಕೊರೆಯಬೇಕು, ಮುರಕಲ್ಲು ಎಲ್ಲಿ ಮುಗಿದು ಮೆತ್ತನೆ ಮಣ್ಣು ತೊಡಗುತ್ತದೆ, ತಲೆಯ ಮೇಲಿನ ಮಣ್ಣು ನಿಲ್ಲುತ್ತದೋ ಜರಿಯುತ್ತದೋ, ದೀಪ ಮಂಕಾದರೆ ಯಾವಾಗ ಹೊರಗೆ ಬರಬೇಕು, ಇದೆಲ್ಲ ಕೊರೆಯುವವರ ಕೈಬೆರಳಿಗೆ ಗೊತ್ತಿತ್ತು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿಗೆ ಅಡಿಕೆ, ತೆಂಗಿನ ಮರ ಹತ್ತುತ್ತಿದ್ದವರು. ಸಿಕ್ಕಿದ ಬೋಳು ಗುಡ್ಡದಲ್ಲಿ ಕೂಲಿ ಮುಗಿಸಿ ಬಂದು ಒಬ್ಬರೇ ಸುರಂಗ ಕೊರೆದರು, ಒಂದರ ಮೇಲೊಂದು ಸುರಂಗ ಒಣಗಿಯೇ ಉಳಿದರೂ ಕೈ ಬಿಡಲಿಲ್ಲ, ಕೊನೆಗೆ ನೀರು ಕಂಡರು, ಗುಡ್ಡವನ್ನು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗಗಳ ಬಗ್ಗೆ ಪತ್ರಕರ್ತ ಶ್ರೀ ಪಡ್ರೆಯವರು ವರ್ಷಗಟ್ಟಲೆ ಬರೆದಿದ್ದಾರೆ, ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದಿಂದ ಸಂಶೋಧಕರು ಬಂದು ಅಳೆದು ಹೋಗಿದ್ದಾರೆ.

ನಾಯ್ಕರಿಗೆ ಶಾಲು ಹೊದಿಸಿದ ವೇದಿಕೆಗಳ ಲೆಕ್ಕ ಇಡಲಾಗದು. ಅವರ ಸುರಂಗದ ಬಾಯಲ್ಲಿ ಒಂದು ತರಗತಿ ನಡೆಸಿದ ಕಾಲೇಜುಗಳನ್ನು ಎಣಿಸಲು ಎಷ್ಟು ಬೆರಳು ಬೇಕು? ಸನ್ಮಾನ ಮಾಡುವುದರಲ್ಲಿ ನಮ್ಮ ಜಿಲ್ಲೆಯನ್ನು ಮೀರಿಸುವವರಿಲ್ಲ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಊಟ ಮಾಡಿಸಿ ಕಳಿಸಿಬಿಡುತ್ತೇವೆ. ಅವರ ತಲೆಯಲ್ಲಿದ್ದ ವಿದ್ಯೆಯನ್ನು ಕೇಳಿಸಿಕೊಳ್ಳಲು ಪುರುಸೊತ್ತಿಲ್ಲ. ಇತ್ತ ಬೋರ್‌ವೆಲ್ ಲಾರಿ ಬಂದು ನಿಂತಾಗ ಪಾಯಿಂಟು ತೋರಿಸಲು ಕರೆಯುವುದು ಕವೆಕೋಲು ಹಿಡಿದವರನ್ನು, ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡವರನ್ನು. ನೀರು ಬಿದ್ದರೆ ಅವರ ಮಹಿಮೆ, ಬೀಳದಿದ್ದರೆ ನಮ್ಮ ಗ್ರಹಚಾರ, ನಡುವೆ ಲಕ್ಷ ರೂಪಾಯಿ ಪುಡಿ. ಪಟ್ಟೆಬಂಡೆಯಲ್ಲಿ ನೀರು ನಿಲ್ಲುವುದು ಬಿರುಕಿನಲ್ಲಿ, ಬಿರುಕು ಎತ್ತ ಓಡುತ್ತದೆ ಎಂದು ಮೇಲಿನಿಂದಲೇ ಅಂದಾಜು ಮಾಡುವ ಕ್ರಮಗಳಿವೆ ಎಂದು ಹೇಳಿಕೊಡುವ ಒಂದು ಕೋರ್ಸು ವಿಟ್ಲದಲ್ಲಿದ್ದರೆ ಅಡಿಕೆ ಬೆಳೆಗಾರನ ಮಗಳೇ ಅಪ್ಪನ ಲಕ್ಷ ಉಳಿಸಿಯಾಳು. 1956ರಲ್ಲಿ ಇದೇ ವಿಟ್ಲದಲ್ಲಿ ಅಡಿಕೆಗೆಂದೇ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರ ಶುರುವಾಯಿತು, 'ಮಂಗಳ' ತಳಿ ಅಲ್ಲಿಂದ ಹೊರಬಂತು. ಅಡಿಕೆ ಗಿಡಕ್ಕೆ ಬೇಕಾದ ವಿಜ್ಞಾನ ಈ ಊರಿಗೆ ಎಪ್ಪತ್ತು ವರ್ಷದ ಹಿಂದೆಯೇ ಬಂದಿದೆ. ಗಿಡದ ಬುಡದ ನೆಲದ ವಿಜ್ಞಾನಕ್ಕೆ ಇನ್ನೆಷ್ಟು ಕಾಯಬೇಕು?

"ಯಾರೂ ಸೇರುವುದಿಲ್ಲ" ಎನ್ನುತ್ತೀರಿ. ಗೊತ್ತು. ಇಷ್ಟು ಮಂದಿ ಸೇರದಿದ್ದರೆ ಕೋರ್ಸು ಮುಚ್ಚಬೇಕೆಂಬ ನಿಯಮವೂ ಗೊತ್ತು. ಹಾಗಾಗಿ ನಾಳೆಯೇ ಬಿ.ಎಸ್ಸಿ. ಭೂವಿಜ್ಞಾನ ತೆರೆಯಿರಿ ಎಂದು ನಾನು ಕೇಳುವುದಿಲ್ಲ, ಬೋರ್ಡು ಹಾಕಿ ಮೇಷ್ಟರಿಲ್ಲದೆ ಮುಚ್ಚಿದರೆ ಇನ್ನೂ ಇಪ್ಪತ್ತು ವರ್ಷ ಯಾರೂ ಆ ಹೆಸರು ಎತ್ತುವುದಿಲ್ಲ. ಕೇಳುವುದು ಚಿಕ್ಕದು. ಕಲೆ, ವಾಣಿಜ್ಯ, ವಿಜ್ಞಾನ ಯಾವುದೇ ವಿಭಾಗದವರು ಸೇರಬಹುದಾದ ಒಂದು ಕೋರ್ಸು, 'ನಮ್ಮ ನೆಲ, ನಮ್ಮ ನೀರು' ಎಂದೇ ಹೆಸರಿಡಿ, ಕನ್ನಡದಲ್ಲಿ ಪಾಠ, ಕನ್ನಡದಲ್ಲಿ ಪರೀಕ್ಷೆ. ಪುಸ್ತಕವಿಲ್ಲ ಎಂಬ ನೆವ ಬೇಡ. ಪಕ್ಕದ ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು ನಾಲ್ಕು ಸಂಪುಟದ 'ವಿಜ್ಞಾನ ಪ್ರಪಂಚ' ಬರೆದರು. ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾವನ್ನು ಬೆಳೆಸಿದ ಬಿ. ಪಿ. ರಾಧಾಕೃಷ್ಣ ಕನ್ನಡಿಗರು, ಭೂವಿಜ್ಞಾನಿಯಾಗಿ ದುಡಿದ ಟಿ. ಆರ್. ಅನಂತರಾಮು ಕನ್ನಡದಲ್ಲಿ ಬರೆದ ಪುಸ್ತಕಗಳದ್ದೇ ಒಂದು ಕಪಾಟು ತುಂಬೀತು.

ಕೋರ್ಸು ತೆರೆದ ಮೇಲೆ ಅದರಲ್ಲಿ ಯಾರು ನಿಲ್ಲುತ್ತಾರೆ ಎಂಬುದರ ಮೇಲೆ ಕಣ್ಣಿಡಿ, ನನ್ನ ನಿಜವಾದ ಕರೆ ಇದಕ್ಕೆ. ಫೀಲ್ಡ್ ಟ್ರಿಪ್ಪಿಗೆ ಎರಡು ಸಾವಿರ ಕಟ್ಟಿ ಎಂದ ಕೂಡಲೇ ತರಗತಿಯ ಅರ್ಧ ಮಂದಿ ತಲೆ ಬಗ್ಗಿಸುತ್ತಾರೆ. ರಾತ್ರಿ ಉಳಿಯಬೇಕೆಂದರೆ ಹುಡುಗಿಯರ ಮನೆಯಲ್ಲಿ ಬಿಡುವುದಿಲ್ಲ. ಸಂಜೆ ನಾಲ್ಕರ ಬಸ್ಸು ತಪ್ಪಿದರೆ ಆರಕ್ಕೇ ಇನ್ನೊಂದು. ಕೋರೆಯ ಹತ್ತಿರ ಶೌಚಾಲಯವಿಲ್ಲ. ಇವೆಲ್ಲ ಸಣ್ಣ ಸಂಗತಿಗಳೆಂದು ತಿಳಿದ ಮೇಷ್ಟರು ವರ್ಷದ ಕೊನೆಗೆ ನಾಲ್ಕು ಹುಡುಗರನ್ನು ಮುಂದಿಟ್ಟುಕೊಂಡು ಪಾಠ ಮಾಡಬೇಕಾಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಹೊರಟು ಮಧ್ಯಾಹ್ನ ಒಂದಕ್ಕೆ ಹಿಂತಿರುಗಬಹುದಾದಷ್ಟು ಹತ್ತಿರದಲ್ಲಿ ಸುರಂಗ, ಕೋರೆ, ಹೊಳೆ ಎಲ್ಲ ಇವೆ. ಕೋರೆಯಲ್ಲಿ ದುಡಿದು ಬಂದ ಹುಡುಗ ಯಾವ ಕಲ್ಲು ಮೆಷಿನ್ನಿಗೆ ಬಗ್ಗುತ್ತದೆ, ಯಾವುದು ಒಡೆಯುತ್ತದೆ ಎಂದು ತುಳುವಿನಲ್ಲಿ ವಿವರಿಸಲಿ, ಮಾರ್ಕು ಕೊಡಿ. ಆಗ ಇಂಗ್ಲಿಷ್ ಬರದ ನಾಚಿಕೆಯಿಂದ ಹಿಂದಿನ ಬೆಂಚಿನಲ್ಲಿ ಕೂತವನು ಮುಂದೆ ಬರುತ್ತಾನೆ. ಕೋರೆಯ ಧಣಿಗಳೇ, ವರ್ಷಕ್ಕೆ ಒಂದು ಬೆಳಿಗ್ಗೆ ಗೇಟು ತೆರೆಯಿರಿ, ಹೆಲ್ಮೆಟ್ಟು ಕೊಡಿ, ನೆರಳಿಗೆ ಒಂದು ಶೀಟು, ಹುಡುಗಿಯರಿಗೆ ಒಂದು ಶೌಚಾಲಯ. ಈ ಗುಡ್ಡದಿಂದ ನೀವು ತೆಗೆದದ್ದಕ್ಕೆ ಇದು ಬಡ್ಡಿಯೂ ಅಲ್ಲ.

ಹುಡುಗಿಯರಿಗೆ ಕಲ್ಲು ಮಣ್ಣಿನ ಕೆಲಸ ಯಾಕೆ ಎನ್ನುವ ತಂದೆಯರೂ ಇದ್ದಾರೆ. 1952ರ ಗಣಿ ಕಾಯ್ದೆ ಹೆಣ್ಣನ್ನು ಭೂಗತ ಗಣಿಯೊಳಗೆ ಕೆಲಸಕ್ಕೆ ಬಿಡುತ್ತಿರಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರವೇ ಷರತ್ತುಗಳೊಂದಿಗೆ ಆ ಬಾಗಿಲು ತೆರೆಯಿತು, ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಹುದ್ದೆಗಳಲ್ಲಿ ಹೆಣ್ಣುಮಕ್ಕಳು ಹಗಲು ಹೊತ್ತು ಗಣಿಗಿಳಿಯಬಹುದು ಎಂದಿತು. ಯುಪಿಎಸ್‌ಸಿ ಭೂವಿಜ್ಞಾನಿಗಳಿಗೆಂದೇ ಪರೀಕ್ಷೆ ನಡೆಸುತ್ತದೆ, 1851ರಿಂದ ಇರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ, ಕೇಂದ್ರ ಅಂತರ್ಜಲ ಮಂಡಳಿಗೆ ಅದರಿಂದ ಆಯ್ಕೆಯಾಗುತ್ತದೆ. ಹುದ್ದೆಗಳು ರಾಶಿ ಬಿದ್ದಿವೆ ಎಂದು ಸುಳ್ಳು ಹೇಳಲಾರೆ. ಆದರೆ ಆ ಪರೀಕ್ಷೆಯ ಹೆಸರೇ ಕೇಳದ ತಾಲೂಕಿನಿಂದ ಒಬ್ಬರೂ ಬರೆಯುವುದಿಲ್ಲ, ಅದಂತೂ ನಿಜ.

2024ರ ಜುಲೈಯಲ್ಲಿ, ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿದ ಅದೇ ವಾರ, ಕೋಲ್ಕತ್ತಾದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಉದ್ಘಾಟನೆಯಾಯಿತು. ನಾಳೆ ಅದರ ಮುನ್ನೆಚ್ಚರಿಕೆ ನಮ್ಮ ಜಿಲ್ಲೆಗೂ ಬಂದೀತು. ಬಂದ ರಾತ್ರಿ ಪಂಚಾಯತಿನ ವಾಟ್ಸಾಪ್ ಗುಂಪಿನಲ್ಲಿ ಬಿದ್ದ ಆ ಸಂದೇಶವನ್ನು ಓದಿ, ಯಾರ ಮನೆಯ ಹಿಂದೆ ಶೇಡಿಯ ಬರೆ ನೆಟ್ಟಗೆ ಕಡಿದು ನಿಂತಿದೆ, ಯಾವ ಬರೆಯ ನೆತ್ತಿಯಲ್ಲಿ ಬಿರುಕು ಬಿಟ್ಟಿದೆ, ಯಾವ ಹಿತ್ತಿಲಿನಲ್ಲಿ ಇದ್ದಕ್ಕಿದ್ದಂತೆ ಕೆಸರು ನೀರು ಒಸರುತ್ತಿದೆ ಎಂದು ತಿಳಿದು, ಬಾಗಿಲು ತಟ್ಟಿ ಎಬ್ಬಿಸುವವರು ಊರೊಳಗೇ ಇರಬೇಕು. ಅವರು ಕೊರಗರ ಕಾಲನಿಯ ಹುಡುಗಿಯಾಗಿರಲಿ, ಬ್ಯಾರಿ ಮನೆಯ ಸೊಸೆಯಾಗಿರಲಿ, ಮಲೆಕುಡಿಯರ ಹುಡುಗನಾಗಿರಲಿ. ಎಲ್ಲ ಹಾಡಿಯಿಂದ, ಎಲ್ಲ ಕಾಲನಿಯಿಂದ ಒಬ್ಬೊಬ್ಬರು ಬೇಕು, ಯಾಕೆಂದರೆ ಗೊತ್ತಿಲ್ಲದವನು ಬಂದು ಮನೆ ಬಿಡಿ ಎಂದರೆ ರಾತ್ರಿ ಎರಡು ಗಂಟೆಗೆ ಯಾರೂ ಬಿಡುವುದಿಲ್ಲ.

ಪ್ರಾಂಶುಪಾಲರೇ, ಬರುವ ಜೂನಿಗೆ ಒಂದು ಕೋಣೆ ಮತ್ತು ವಾರಕ್ಕೆ ಮೂರು ಗಂಟೆ ಕೊಡಿ. ಕೊಣಾಜೆಯ ವಿಭಾಗದವರೇ, ತಿಂಗಳಿಗೊಮ್ಮೆ ಬಸ್ಸು ಹತ್ತಿ ವಿಟ್ಲಕ್ಕೆ, ಬೆಳ್ತಂಗಡಿಗೆ, ಮೂಡುಬಿದಿರೆಗೆ ಬನ್ನಿ, ಇಲ್ಲಿನ ಭೂಗೋಳದ, ರಸಾಯನಶಾಸ್ತ್ರದ ಮೇಷ್ಟರನ್ನು ತಯಾರು ಮಾಡಿ. ಗ್ರಾಮ ಪಂಚಾಯತಿನವರೇ, ಆ ಮಕ್ಕಳು ಬರೆದುಕೊಡುವ ಬರೆಗಳ ನಕ್ಷೆಯನ್ನು ಕಪಾಟಿಗೆ ಸೇರಿಸದೆ ನೋಟಿಸ್ ಬೋರ್ಡಿಗೆ ಹಚ್ಚಿ, ಮನೆ ಕಟ್ಟಲು ಪರವಾನಗಿ ಕೊಡುವ ಮೊದಲು ಅದನ್ನೊಮ್ಮೆ ನೋಡಿ. ಮೊದಲ ತರಗತಿಗೆ ಯಾರ ಮಂಜೂರಾತಿಯೂ ಬೇಡ. ಒಂದು ಗ್ಲಾಸು ನೀರು, ಕಾಲೇಜಿನ ಹಿಂದಿನ ಗುಡ್ಡದಿಂದ ಒಂದು ಉಂಡೆ ಶೇಡಿ, ಅಷ್ಟೇ. ಈ ಸೋಮವಾರವೇ ಮಾಡಬಹುದು.